ಎದಿಹಾಲು ಹಿಂಡಿ ಇಡೋದು ಹೆಂಗ, ನಮ್ಮ ಬಿಸಲೂರಿನ ಲೆಕ್ಕದಾಗ

ಹೆರಿಗೆ ರಜಾ ಮುಗಿಯಾಕ ಬಂತು ಅಂದ್ರ ನಮ್ಮ ಕಡೆ ಹೆಣ್ಮಕ್ಕಳಿಗೆ ಒಂದ ಚಿಂತಿ, ಕೂಸಿನ್ನ ಅತ್ತಿ ಕೈಯಾಗೋ ಅವ್ವನ ಕೈಯಾಗೋ ಬಿಟ್ಟು ಹೋಗಬೇಕು, ಹಾಲಿಗೇನ್ ಮಾಡೋದು ಅಂತ. ಮನ್ಯಾಗ ಕೇಳಿದ್ರ ಡಬ್ಬಿ ಹಾಲು ಹಚ್ಚು ಅಂತಾರ, ಆಜೂಬಾಜು ಕೇಳಿದ್ರ ಆಕಳ ಹಾಲಿಗೆ ನೀರು ಬೆರಸಿ ಕುಡಸು ಅಂತಾರ (ವರ್ಷ ತುಂಬೋ ತನಕ ಎದಿಹಾಲಿನ ಬದ್ಲಿಗೆ ಆಕಳ ಹಾಲು ಕೊಡಬಾರದು, ಇದನ್ನ ಇಲ್ಲೇ ಹೇಳಿಬಿಡ್ತೀನಿ), ಮೊಬೈಲ್ ತಗದು ನೋಡಿದ್ರ ಯಾರೋ ಒಬ್ಬಾಕಿ ಎಸಿ ರೂಮಿನಾಗ ಕುಂತು ಎರಡೂ ಎದಿಗೆ ಹಾಲು ಎಳಿಯೋ ಮಷೀನ್ (ಪಂಪ್) ಹಚ್ಚಿಕೊಂಡು ಫ್ರೀಜರ್ ತುಂಬ ಪ್ಯಾಕೆಟ್ ಜೋಡ್ಸಿಟ್ಟು ತೋರಿಸ್ತಿರ್ತಾಳ. ಅದನ್ನ ನೋಡಿ ಇದು ನಮ್ಮ ಕೈಲಿ ಆಗೋ ಕೆಲಸಲ್ಲ ಬಿಡು ಅಂತ ಎಷ್ಟೋ ಮಂದಿ ಅಲ್ಲಿಗೇ ಬಿಟ್ಟುಬಿಡ್ತಾರ.

ಆಗೋ ಕೆಲಸನ ಅದು. ನಾ ಗಂಗಾವತಿಯಾಕಿ, ಎರಡು ಮಕ್ಕಳಿಗೂ ಹಿಂಗ ಹಾಲು ಹಿಂಡಿಟ್ಟು ಡ್ಯೂಟಿಗೆ ಹೋಗೀನಿ. ನನ್ನ ಕೇಳಿದ್ರ ಹಿಂಡೋದು ಏನೂ ದೊಡ್ಡ ಮಾತಲ್ಲ, ಒಂದು ವಾರದಾಗ ಕೈ ಕುದುರ್ತೈತಿ. ನಮ್ಮ ಗಂಗಾವತಿ, ಸಿಂಧನೂರು, ರಾಯಚೂರು, ಬಳ್ಳಾರಿ ಬಿಸಲಾಗ, ಕರೆಂಟ್ ಹೋಗಿ ಬಂದು ಮಾಡೋ ಮನ್ಯಾಗ, ಒಂದು ಬಾಗಿಲಿನ ಫ್ರಿಜ್ಜಿನಾಗ ಅದನ್ನ ಕೆಡದಂಗ ಇಡೋದೈತಲ್ಲ, ತಲಿ ಓಡಿಸ್ಬೇಕಾಗಿದ್ದು ಅಲ್ಲಿ.

ಯಾವಾಗಿಂದ ಶುರು ಮಾಡ್ಬೇಕು

ಕೂಸು ದಿನ ತುಂಬಿ ಹುಟ್ಟೈತಿ, ಎದಿಗೆ ಹತ್ತಿ ಚಲೋ ಕುಡೀತೈತಿ, ನೀವೂ ತವರಮನ್ಯಾಗ ಬಾಣಂತನದಾಗ ಅದೀರಿ ಅಂದ್ರ ಮೊದಲ 4-6 ವಾರ ಪಂಪಿನ ಉಸಾಬರಿನ ಬ್ಯಾಡ. ಎದಿ ಎಷ್ಟು ಖಾಲಿ ಆಗ್ತೈತೋ ಅಷ್ಟು ಹಾಲು ಮತ್ತ ತಯಾರಾಗ್ತೈತಿ, ಕೂಸು ತನಗ ಬೇಕಾದ ಲೆಕ್ಕ ಅದಕ್ಕ ತಾನ ಕಲಿಸ್ತೈತಿ. ನಡುವ ನೀವು ಮಷೀನ್ ಹಚ್ಚಿ ಇನ್ನೊಂದು ಕೂಸಿನಷ್ಟು ಹಾಲು ಎಳದ್ರ ದೇಹಕ್ಕ ಅವಳಿ ಮಕ್ಕಳು ಅನಿಸಿ ಹಾಲು ಮಿತಿಮೀರಿ ಬಂದು ಎದಿ ಕಲ್ಲು ಆಗಿ ಕುಂದರ್ತೈತಿ. ಕೆಲಸಕ್ಕ ಹೋಗೋ 2-3 ವಾರ ಮೊದಲ, ದಿನಕ್ಕ ಒಂದೇ ಸಲ, ಮುಂಜಾನಿ ಕೂಸು ಕುಡಿದ ಮ್ಯಾಲ ಅರ್ಧ ತಾಸು ಬಿಟ್ಟು ಹಿಂಡಾಕ ಶುರು ಮಾಡ್ರಿ, ಸಾಕು. ರಾತ್ರಿ ಹೊತ್ತು ಹಾಲಿನ ಹಾರ್ಮೋನು ಜಾಸ್ತಿ ಇರೋದ್ರಿಂದ ನಸುಕಿನಾಗ, ಮುಂಜಾನಿ ಹಾಲು ಹೆಚ್ಚು ಬರ್ತೈತಿ, ಸಂಜಿಮುಂದ ಕಡಿಮಿ. ಸಂಜಿಗೆ ಕುಂತು ಬರವಲ್ದು ಬರವಲ್ದು ಅಂತ ಅಳಬ್ಯಾಡ್ರಿ.

ದಿನ ತುಂಬದ ಹುಟ್ಟಿದ ಕೂಸು, ರಾಯಚೂರು ರಿಮ್ಸ್‌ನಾಗೋ ಕೊಪ್ಪಳ ಕಿಮ್ಸ್‌ನಾಗೋ ಬಳ್ಳಾರಿ ದೊಡ್ಡಾಸ್ಪತ್ರ್ಯಾಗೋ ಎನ್‌ಐಸಿಯು (ಹಸುಗೂಸುಗಳ ಐಸಿಯು) ಒಳಗ ಐತಿ ಅಂದ್ರ ಈ ಲೆಕ್ಕ ಪೂರ್ತಿ ಉಲ್ಟಾ. ಅವಾಗ ಕಾಯಬಾರದು, ಹೆರಿಗಿ ಆದ 6 ತಾಸಿನೊಳಗ, ತಡೀತದ ಅಂದ್ರ ಮೊದಲ ತಾಸಿನಾಗನ ಕೈಲೆ ಹಿಂಡಾಕ ಶುರು ಮಾಡ್ಬೇಕು, ಹಗಲು ರಾತ್ರಿ ಸೇರಿ ದಿನಕ್ಕ 8-10 ಸಲ. ಮೊದಲ ಒಂದೆರಡು ದಿನ ಬರೋದು ಹಳದಿ ಬಣ್ಣದ ಗಟ್ಟಿ ಹಾಲು, ಒಂದು ಚಮಚ ಬಂದ್ರ ದೊಡ್ಡದು, ಯಾಕಂದ್ರ ಮೊದಲ ದಿನ ಕೂಸಿನ ಹೊಟ್ಟಿನೂ ಒಂದು ಸಲಕ್ಕ 5-7 ಮಿಲಿ ಹಿಡಿಯೋದು. ಅಷ್ಟು ಸ್ವಲ್ಪ ಹಾಲಿಗೆ ಪಂಪ್ ಹಚ್ಚಿದ್ರ ಅರ್ಧ ಹಾಲು ಮಷೀನಿಗೇ ಅಂಟಿಕೊಂತೈತಿ, ಅದಕ್ಕ ಕೈಯೇ ಚಲೋ. ವಾರ್ಡಿನ ಸಿಸ್ಟರ್‌ನ ಕೇಳ್ರಿ, ನಾಚಿಗಿ ಪಡಬ್ಯಾಡ್ರಿ, ಒಂದು ಸಲ ಕೈ ಹಿಡದು ತೋರಿಸಿದ್ರ ಬಂದುಬಿಡ್ತೈತಿ.

ಎಷ್ಟು ಹಾಲು ಬೇಕು ಅನ್ನೋದಕ್ಕೂ ಒಂದು ಅಂದಾಜು ಐತಿ. ಒಂದು ತಿಂಗಳಿಂದ ಆರು ತಿಂಗಳ ತನಕ ಕೂಸು ದಿನಕ್ಕ ಸುಮಾರು 750 ಮಿಲಿ ಕುಡೀತೈತಿ, ಒಂದಕ್ಕೊಂದು ಹೆಚ್ಚು ಕಡಿಮಿ ಇರ್ತೈತಿ, ಅಂದ್ರ ತಾಸಿಗೆ 30 ಮಿಲಿ ಆಜೂಬಾಜು. ನೀವು 9 ತಾಸು ಮನಿ ಬಿಟ್ಟಿರ್ತೀರಿ ಅಂದ್ರ 270-300 ಮಿಲಿ ಇದ್ರ ಆ ದಿನ ಸಾಗಿಹೋಗ್ತೈತಿ. ಫ್ರೀಜರ್ ತುಂಬೋ ಅಗತ್ಯನ ಇಲ್ಲ, ಮೊದಲ ದಿನಕ್ಕ ಬೇಕಾದಷ್ಟು, ಮ್ಯಾಲೊಂದು ದಿನದ್ದು ಕೈಯಾಗಿದ್ರ ಬಸ್ ಹತ್ತಬಹುದು, ಅಲ್ಲಿ ಇವತ್ತು ಹಿಂಡಿದ್ದು ನಾಳಿಗೆ. ಆರು ತಿಂಗಳು ತುಂಬಿದ್ರ ಮೆತ್ತಗ ಮಾಡಿದ ಅನ್ನ, ಬ್ಯಾಳಿ, ರಾಗಿ ಸರಿ ಶುರು ಆಗಿರ್ತೈತಿ, ಇನ್ನೂ ಹಗುರ.

ಕೈಲೆ ಹಿಂಡೋದು

ಪಂಪ್ ತಗೊಳ್ಳೋರೂ ಇದನ್ನ ಕಲಕೊಳ್ರಿ. ಕರೆಂಟ್ ಹೋದಾಗ, ಪಂಪಿನ ರಬ್ಬರ್ ಹರಿದಾಗ, ಲಗ್ನಕ್ಕ ಹೋಗಿ ಅಲ್ಲಿ ಎದಿ ಬಿಗದು ಕುಂದರಾಕ ಆಗದಂಗ ಆದಾಗ ಉಪಯೋಗಕ್ಕ ಬರೋದು ಇದೊಂದ.

ಮೊದಲು ಕೈ. ಸಾಬೂನು ಹಚ್ಚಿ ಉಗುರಿನ ಸಂದಿ ತನಕ ತೊಳೀರಿ. ನಮ್ಮ ಕಡೆ ಇದಕ್ಕ ಇನ್ನೊಂದು ಕಾರಣ ಐತಿ, ಸಿರುಗುಪ್ಪ, ಸಿಂಧನೂರು ಕಡೆ ಮೆಣಸಿನಕಾಯಿ ಬಿಡಸಾಕ, ತೊಟ್ಟು ಮುರಿಯಾಕ ಹೋಗೋ ಹೆಣ್ಮಕ್ಕಳಿಗೆ ಗೊತ್ತು, ಬರೇ ನೀರು ಸಾಬೂನಿಗೆ ಆ ಖಾರ ಹೋಗಂಗಿಲ್ಲ. ಮೊದಲು ಕೊಬ್ಬರಿ ಎಣ್ಣಿನೋ ಶೇಂಗಾ ಎಣ್ಣಿನೋ ತಿಕ್ಕಿ ಒರಸಿ, ಆಮ್ಯಾಲ ಸಾಬೂನು ಹಾಕಿ ಎರಡು ಸಲ ತೊಳದ್ರ ಹೋಗ್ತೈತಿ, ಇಲ್ಲಂದ್ರ ಎದಿನೂ ಉರೀತೈತಿ ಕೂಸಿನ ಬಾಯಿನೂ ಉರೀತೈತಿ. ಹತ್ತಿ ಹೊಲಕ್ಕ ಹುಳದ ಎಣ್ಣಿ (ಕೀಟನಾಶಕ) ಹೊಡಿಯೋ ದಿನ ಹೊಲದಾಗ ಇದ್ದೋರು ಸೀರಿ ಕುಬ್ಸ ಬದಲಿ ಮಾಡಿ ಮೈ ತೊಳಕೊಂಡ ಮ್ಯಾಲನ ಕೂಸಿನ್ನ ಮುಟ್ಟಬೇಕು, ಹಾಲು ಹಿಂಡೋದೂ ಹಂಗ.

ಅಗಲ ಬಾಯಿನ ಸ್ಟೀಲ್ ಬಟ್ಟಲೊಂದನ್ನ ಕುದಿಯೋ ನೀರಿನಾಗ ಹಾಕಿ ತಗದು ಆರಿಸಿ ಇಟ್ಕೊಳ್ರಿ. ಸ್ವಲ್ಪ ಮುಂದಕ್ಕ ಬಾಗಿ ಕುಂದರ್ರಿ. ಎದಿ ಮ್ಯಾಲ ಬೆರಳಿನ ತುದೀಲೆ ಹಗುರಕ ಸುತ್ತ ತಿಕ್ಕಿರಿ, ಚಪಾತಿ ಹಿಟ್ಟು ನಾದಿದಂಗ ನಾದಬ್ಯಾಡ್ರಿ, ಹಂಗ ನಾದಿದ್ರ ಒಳಗ ಬಾವು ಬರ್ತೈತಿ. ಆಮ್ಯಾಲ ಹೆಬ್ಬೆರಳು ಮ್ಯಾಲ, ತೋರಬೆರಳು ಕೆಳಗ, ತೊಟ್ಟಿನಿಂದ ಎರಡು ಬೆರಳು ಹಿಂದ, ಕಪ್ಪು ಭಾಗದ ಅಂಚಿನ ಮ್ಯಾಲ ಇಡ್ರಿ. ಈಗ ಮೂರು ಕೆಲಸ ಒಂದಾದ ಮ್ಯಾಲೊಂದು: ಬೆರಳು ಎರಡನ್ನೂ ಎದಿಗೂಡಿನ ಕಡೆ ಹಿಂದಕ್ಕ ಒತ್ತಿರಿ, ಅಲ್ಲೇ ಇದ್ದಂಗ ಎರಡೂ ಬೆರಳು ಕೂಡಿಸಿ ಹಿಚುಕಿರಿ, ಬಿಡ್ರಿ. ಮತ್ತ ಒತ್ತು, ಹಿಚುಕು, ಬಿಡು. ಬೆರಳು ಚರ್ಮದ ಮ್ಯಾಲ ಜಾರಬಾರದು, ತೊಟ್ಟು ಹಿಡದು ಎಳೀಲೂಬಾರದು. ತೊಟ್ಟಿನಾಗ ಹಾಲಿರಂಗಿಲ್ಲ, ಅದರ ಹಿಂದ ಇರ್ತೈತಿ, ಹೊಸಬರು ಎಲ್ಲಾರೂ ತೊಟ್ಟು ಹಿಂಡಿ ಹಿಂಡಿ ಕೆಂಪಗ ಮಾಡ್ಕೊಂಡು ನಂಗ ಹಾಲ ಇಲ್ಲ ಅಂತಾರ.

ಮೊದಲ ಒಂದೆರಡು ನಿಮಿಷ ಏನೂ ಬರಂಗಿಲ್ಲ. ಆಮ್ಯಾಲ ಹನಿ ಹನಿ. ಒಮ್ಮಿಂದೊಮ್ಮೆಲೆ ಒಳಗ ಜುಮ್ ಅಂದಂಗ ಆಗಿ ನಾಕೈದು ಕಡೆಯಿಂದ ಸಣ್ಣ ಎಳಿ ಎಳಿಯಾಗಿ ಚಿಮ್ಮತೈತಿ, ಬಟ್ಟಲಿಗೆ ಬಿದ್ದಾಗ ಟಿಣ್ ಟಿಣ್ ಸಪ್ಪಳ ಬರ್ತೈತಿ. ಧಾರಿ ಕಡಿಮಿ ಆದ್ರ ಬೆರಳಿನ ಜಾಗ ಬದ್ಲಿ ಮಾಡ್ರಿ, ಮ್ಯಾಲ ಕೆಳಗ ಇದ್ದದ್ದು ಆ ಕಡೆ ಈ ಕಡೆ. ಒಂದು ಎದಿಗೆ 3-5 ನಿಮಿಷ, ಇನ್ನೊಂದಕ್ಕ ಅಷ್ಟ, ಮತ್ತ ಮೊದಲಿನದಕ್ಕ, ಹಿಂಗ ಒಟ್ಟು 20-30 ನಿಮಿಷ.

ಕರು ಬಿಡದ ಆಕಳು ಹಾಲು ಮ್ಯಾಲ ಎಳಕೊಳ್ಳೋದು ನೋಡಿರ್ತೀರಲ್ಲ, ಮನಶಾರದ್ದೂ ಹಂಗ ಐತಿ. ಬಾಗಿಲ ಹೊರಗ ಅತ್ತಿ ಕಾಯ್ಕೊಂತ ನಿಂತಿದ್ರ, ಆಫೀಸಿನಾಗ ಯಾರರ ಬಂದುಗಿಂದಾರು ಅಂತ ಅಂಜಿಕಿ ಇದ್ರ ಹಾಲು ಇಳಿಯಂಗಿಲ್ಲ. ಕೂಸಿನ ಒಂದು ಕುಲಾಯಿ, ಮೈಗೆ ಹೊದ್ದಿಸಿದ ಬಟ್ಟಿ ಜೋಡಿ ಇಟ್ಕೊಳ್ರಿ, ಮೊಬೈಲಿನಾಗ ಕೂಸಿನ ಅಳುವಿನ ವಿಡಿಯೋ ನೋಡ್ರಿ, ಒಂದು ಗುಟುಕು ನೀರೋ ಮಜ್ಜಿಗಿನೋ ಕುಡೀರಿ. ಹಾಲು ಎಷ್ಟಾತು ಅಂತ ನಿಮಿಷಕ್ಕೊಮ್ಮೆ ಬಟ್ಟಲು ನೋಡಬ್ಯಾಡ್ರಿ.

ಪಂಪ್ ತಗೊಳ್ಳೋದಾದ್ರ

ಮೆಡಿಕಲ್ ಶಾಪಿನಾಗ ಒಂದು ಗಾಜಿನ ಬುರುಡಿಗೆ ಹಿಂದ ರಬ್ಬರ್ ಚೆಂಡು ಇರೋ ಅಗ್ಗದ ಪಂಪ್ ಕೊಡ್ತಾರ, ಹಳೆ ಕಾಲದ ಸೈಕಲ್ ಹಾರ್ನ್ ಥರದ್ದು. ಅದನ್ನ ಬಿಟ್ಟಿ ಕೊಟ್ರೂ ತಗೋಬ್ಯಾಡ್ರಿ. ಹಾಲು ಆ ಚೆಂಡಿನೊಳಗ ಹೋಗಿ ಕುಂದರ್ತೈತಿ, ಅದನ್ನ ಒಳಗಿಂದ ತೊಳಿಯಾಕ ಬರಂಗಿಲ್ಲ, ಎಳತದ ಲೆಕ್ಕನೂ ಕೈಗೆ ಸಿಗಂಗಿಲ್ಲ.

ವಾರದಾಗ ಒಂದೆರಡು ಸಲ ಹೊರಗ ಹೋಗೋರಿಗೆ ಕೈಲೆ ಒತ್ತೋ ಹಿಡಿಕಿ ಪಂಪ್ ಸಾಕು. ದಿನಾ 8-9 ತಾಸು ಡ್ಯೂಟಿ ಇದ್ದೋರಿಗೆ ಕರೆಂಟಿಂದು ಬೇಕು, ಒಳಗ ಚಾರ್ಜ್ ಆಗೋ ಬ್ಯಾಟರಿ ಇರೋದನ್ನ ನೋಡಿ ತಗೊಳ್ರಿ, ನಮ್ಮ ಕಡೆ ಪ್ಲಗ್ಗಿಗೇ ಹಚ್ಚಬೇಕಾಗಿರೋದು ತಗೊಂಡು ಏನ್ ಮಾಡ್ತೀರಿ. ಎರಡೂ ಕಡೆ ಒಮ್ಮೆಲೆ ಹಚ್ಚೋದಿದ್ರ 15 ನಿಮಿಷದಾಗ ಕೆಲಸ ಮುಗೀತೈತಿ, ಒಂದೊಂದಕ್ಕ ಹಚ್ಚೋದಾದ್ರ ಅರ್ಧ ತಾಸು. ಅಕ್ಕನ ಪಂಪ್, ಗೆಳತಿ ಪಂಪ್ ತಗೊಂಡು ಬರೋದಿದ್ರ ಹುಷಾರ್, ಹಾಲು ಮೋಟರಿನ ತನಕ ಹೋಗದಂಗ ನಡುವ ಪರದೆ ಇರೋ ಮಾಡಲ್ ಆಗಿರ್ಬೇಕು, ಇದ್ರೂ ಹಾಲು ತಾಗೋ ಭಾಗ ಎಲ್ಲಾ ಹೊಸಾವು ಕೊಳ್ಳಬೇಕು.

ಎದಿಗೆ ಹಚ್ಚೋ ಆ ಫನಲ್ ಐತಲ್ಲ, ಅದರ ಸೈಜ್ ಬಗ್ಗೆ ಅಂಗಡ್ಯಾಗ ಯಾರೂ ಹೇಳಂಗಿಲ್ಲ. ಬಾಕ್ಸಿನಾಗ 24 ಮಿಲಿಮೀಟರಿಂದು ಬರೋದು ಜಾಸ್ತಿ, ಎಲ್ಲಾರಿಗೂ ಅದು ಹೊಂದಂಗಿಲ್ಲ. ಸಾಲಿ ಮಕ್ಕಳ ಸ್ಕೇಲ್ ತಗೊಂಡು ತೊಟ್ಟಿನ ಅಗಲ ಅಳೀರಿ, ಕಪ್ಪು ಭಾಗ ಬಿಟ್ಟು, ಅದಕ್ಕ 2-4 ಮಿಲಿಮೀಟರ್ ಕೂಡಸ್ರಿ, ಅದು ನಿಮ್ಮ ಸೈಜ್. ಹಿಂಡುವಾಗ ತೊಟ್ಟು ನಳಿಗಿ ಗೋಡಿಗೆ ತಿಕ್ಕಿದ್ರ ಸಣ್ಣದಾತು, ಕಪ್ಪು ಭಾಗ ಪೂರ್ತಿ ಒಳಗ ಎಳಕೊಂಡು ಹೋದ್ರ ದೊಡ್ಡದಾತು. ಎಳತ ಜಾಸ್ತಿ ಇಟ್ರ ಹಾಲು ಜಾಸ್ತಿ ಬರ್ತೈತಿ ಅನ್ನೋದು ಸುಳ್ಳು. ಮೊದಲು ಲಗೂ ಲಗೂ ಸಣ್ಣ ಎಳತ, ಹಾಲು ಇಳಿದ ಮ್ಯಾಲ ನಿಧಾನ ದೊಡ್ಡ ಎಳತ, ನೋವು ಶುರು ಆದ ಕೂಡ್ಲೆ ಒಂದು ಪಾಯಿಂಟ್ ಕೆಳಗ ಇಳಿಸ್ರಿ.

ಇಡೋದು, ಇಲ್ಲೇ ಇರೋದು ಎಲ್ಲಾ

ಎಲ್ಲಾ ಕಡೆ ಓದಿರ್ತೀರಿ, ಹಿಂಡಿದ ಹಾಲು ಹೊರಗ 4 ತಾಸು, ಫ್ರಿಜ್ಜಿನಾಗ 4 ದಿನ, ಫ್ರೀಜರಿನಾಗ 6 ತಿಂಗಳು ಅಂತ. ಈ ಲೆಕ್ಕ ಸರಿನ ಐತಿ, ಆದ್ರ ಹೊರಗ 4 ತಾಸು ಅನ್ನೋದು 25 ಡಿಗ್ರಿ ಒಳಗಿದ್ರ, ಫ್ರಿಜ್ 4 ಡಿಗ್ರಿ ತಂಪು ಇದ್ರ, ಫ್ರೀಜರ್ ಮೈನಸ್ 18 ಇದ್ರ. ಡಿಸೆಂಬರ್ ಜನವರಿ ರಾತ್ರಿ ಬಿಟ್ರ ನಮ್ಮ ಮನ್ಯಾಗ 25 ಡಿಗ್ರಿ ಯಾವಾಗ ಇರ್ತೈತಿ ಹೇಳ್ರಿ? ಏಪ್ರಿಲ್ ಮೇ ಒಳಗ ಹೊರಗ 42 ಇದ್ರ ಆರ್‌ಸಿಸಿ ಮನಿ ಒಳಗ ಮಧ್ಯಾಹ್ನ 36-37 ಸಾಮಾನ್ಯ. ಅಂಥಾ ದಿನ 4 ತಾಸು ಅನ್ನೋದನ್ನ ಮರತುಬಿಡ್ರಿ. ಹಿಂಡಿದ ಕೂಡ್ಲೆ ಕೂಸಿಗೆ ಕೊಡ್ರಿ ಇಲ್ಲಾ ಫ್ರಿಜ್ಜಿಗೆ ಇಡ್ರಿ. ಫ್ರಿಜ್ ಇಲ್ಲದ ಮನಿಯಾಗಿದ್ರ ಒಂದು ತಾಸಿನೊಳಗ ಕುಡಿಸಿ ಮುಗಿಸೋದು, ಮ್ಯಾಲಕ್ಕ ಉಳದ್ರ ಗಿಡದ ಬುಡಕ್ಕ ಹಾಕೋದು. ಮಳಗಾಲ ಚಳಿಗಾಲದಾಗ ಒಂದೀಟು ಸಡಲಿಕಿ ಐತಿ, ಆಗಲೂ 4 ತಾಸು ದಾಟಸಬ್ಯಾಡ್ರಿ.

ಹರವಿ ಪಕ್ಕದ ಉಸುಕಿನಾಗ ಇಡ್ತೀನಿ, ತಂಪು ಇರ್ತೈತಿ ಅಂತ ಅವ್ವಂದಿರು ಅಂತಾರ. ಆ ತಂಪು ನಮ್ಮ ನಾಲಿಗಿಗೆ ಹಿತ ಆಗ್ಲಿಕ್ಕೆ ಸರಿ, ಹಾಲಿನ ಕ್ರಿಮಿ ಅದಕ್ಕ ಅಂಜಂಗಿಲ್ಲ. ಅದನ್ನ ಫ್ರಿಜ್ ಅಂತ ತಿಳಕೋಬ್ಯಾಡ್ರಿ.

ಫ್ರಿಜ್ ಇದ್ದೋರು ಹಾಲನ್ನ ಬಾಗಿಲಿನಾಗ ಇಡಬಾರದು, ಮನ್ಯಾಗ ಮಕ್ಕಳು ನೀರಿನ ಬಾಟ್ಲಿಗೆ ಅಂತ ಸಾವಿರ ಸಲ ತಗೀತಾವು. ಒಳಗ ಹಿಂದಿನ ಗೋಡಿ ಕಡೆ, ಮುಚ್ಚಳ ಇರೋ ಒಂದು ಪ್ಲಾಸ್ಟಿಕ್ ಡಬ್ಬ್ಯಾಗ ಇಡ್ರಿ, ಹಸಿಮೆಣಸು ಖಾರಬ್ಯಾಳಿ ವಾಸನಿನೂ ತಾಗಂಗಿಲ್ಲ. ಬ್ಯಾಸಗಿಯಾಗ ಒಳಗಿನ ನಾಬ್ ತಿರಗಿಸಿ ತಂಪು ಜಾಸ್ತಿ ಇಡ್ರಿ. ಒಂದು ಬಾಗಿಲಿನ ಫ್ರಿಜ್ ಇದ್ದೋರಿಗೆ ಮುಖ್ಯವಾದ ಮಾತು, ಮ್ಯಾಲಿರೋ ಸಣ್ಣ ಐಸ್ ಖಾನಿ ಫ್ರೀಜರ್ ಅಲ್ಲ. ಬಾಗಿಲು ತಗದಾಗೊಮ್ಮೆ ಅದೂ ಬೆಚ್ಚಗ ಆಗ್ತೈತಿ, ಅದರಾಗ ಇಟ್ಟಿದ್ದು 2 ವಾರ ಅಷ್ಟ. ಆರು ತಿಂಗಳ ಲೆಕ್ಕ ಇರೋದು ಬ್ಯಾರೆ ಬಾಗಿಲು ಇರೋ ಫ್ರೀಜರಿಗೆ.

ಕರೆಂಟ್ ಹುಟ್ಟೋದು ನಮ್ಮ ಶಕ್ತಿನಗರದಾಗ, ಕುಡತಿನಿಯಾಗ, ಮೊದಲು ಹೋಗೋದೂ ನಮ್ಮ ಮನ್ಯಾಗ. ಬಾಗಿಲು ತಗೀಲಿಲ್ಲಂದ್ರ ಫ್ರಿಜ್ 4 ತಾಸು ತಂಪು ಹಿಡಿತೈತಿ. ಬ್ಯಾರೆ ಬಾಗಿಲಿನ ಫ್ರೀಜರ್ ತುಂಬಿದ್ರ 48 ತಾಸು, ಅರ್ಧ ಇದ್ರ 24 ತಾಸು. ಹಿಂಗಾಗಿ ಫ್ರೀಜರಿನಾಗ ಖಾಲಿ ಜಾಗ ಇದ್ರ ನೀರು ತುಂಬಿದ ಬಾಟ್ಲಿ ಹಾಕಿ ಐಸ್ ಮಾಡಿಟ್ಟುಬಿಡ್ರಿ, ಕರೆಂಟ್ ಹೋದಾಗ ಅವ ಕಾಯ್ತಾವು. ಕರೆಂಟ್ ಬಂದ ಮ್ಯಾಲ ನೋಡ್ರಿ, ಹಾಲಿನ ನಡುವ ಇನ್ನೂ ಐಸ್ ಇದ್ರ ಹಂಗ ಮತ್ತ ಗಟ್ಟಿ ಆಗ್ಲಿ ಬಿಡ್ರಿ. ಪೂರ್ತಿ ಕರಗಿ ತಂಪು ಇದ್ರ 24 ತಾಸಿನೊಳಗ ಫ್ರಿಜ್ಜಿನಿಂದ ಕುಡಸ್ರಿ, ಮತ್ತ ಫ್ರೀಜ್ ಮಾಡಬ್ಯಾಡ್ರಿ. ಬೆಚ್ಚಗ ಆಗಿದ್ರ ಚೆಲ್ಲೋದ, ಹೊಟ್ಟಿ ಉರೀತೈತಿ ನಿಜ, ಆದ್ರ ಏನ್ ಮಾಡ್ತೀರಿ.

ಪಾತ್ರಿ ವಿಷಯಕ್ಕ ಬಂದ್ರ ಗಾಜು, ಬಿಗಿ ಮುಚ್ಚಳದ ಸಣ್ಣ ಸ್ಟೀಲ್ ಡಬ್ಬಿ, ತಳದಾಗ 5 ನಂಬರ್ ಇರೋ ಪ್ಲಾಸ್ಟಿಕ್, ಇಲ್ಲಾ ಹಾಲಿಗಂತನ ಬರೋ ಪ್ಯಾಕೆಟ್ಟು. ಸಾದಾ ಪ್ಲಾಸ್ಟಿಕ್ ಕವರ್, ಕುಡಿಯೋ ನೀರಿನ ಹಳೆ ಬಾಟ್ಲಿ ಬ್ಯಾಡ. ಒಂದೊಂದರಾಗ 60-100 ಮಿಲಿ ಮಾತ್ರ ಹಾಕ್ರಿ, ಉಳದ್ರ ಹಾಳಾಗೋದು ಕಡಿಮಿ, ಫ್ರೀಜರಿಗೆ ಇಡೋದಾದ್ರ ಮ್ಯಾಲ ಒಂದು ಬೆರಳು ಜಾಗ ಬಿಡ್ರಿ, ಗಟ್ಟಿ ಆದಾಗ ಹಿಗ್ಗತೈತಿ. ಬಿಳಿ ಟೇಪ್ ಹಚ್ಚಿ ತಾರೀಖು, ಟೈಮ್ ಬರೀರಿ, ಹಳೇದು ಮುಂದ, ಹೊಸಾದು ಹಿಂದ. ಬೆಚ್ಚಗಿರೋ ಹೊಸ ಹಾಲನ್ನ ಸೀದಾ ತಂಪು ಹಾಲಿಗೆ ಸುರೀಬ್ಯಾಡ್ರಿ, ಅದನ್ನೂ ಫ್ರಿಜ್ಜಿನಾಗ ತಂಪು ಮಾಡಿ ಆಮ್ಯಾಲ ಕೂಡಸ್ರಿ, ತಾರೀಖು ಹಳೇದರದ್ದ ಇರ್ಲಿ. ಅಂದಂಗ ದೃಷ್ಟಿ ಆಗ್ತೈತಿ ಅಂತ ಅತ್ತಿ ಗಾಜಿನ ಬಾಟ್ಲಿಗೆ ಬ್ಯಾಡ ಅಂದ್ರ ವಾದ ಮಾಡಾಕ ಹೋಗಬ್ಯಾಡ್ರಿ, ಸ್ಟೀಲ್ ಡಬ್ಬಿ ಇಡ್ರಿ, ಯಾರಿಗೂ ಕಾಣಂಗಿಲ್ಲ, ಜಗಳನೂ ಇಲ್ಲ.

ಡ್ಯೂಟ್ಯಾಗ ಹಿಂಡಿದ್ದನ್ನ ಮನಿಗೆ ತರೋದು ಹೆಂಗ ಅಂದ್ರ, ಒಳಗ ಬೆಳ್ಳಿ ಬಣ್ಣದ ಹಾಳಿ ಇರೋ ಊಟದ ಚೀಲ ಬರ್ತಾವಲ್ಲ ಅದರಾಗ ರಾತ್ರಿಯೆಲ್ಲಾ ಫ್ರೀಜರಿನಾಗ ಗಟ್ಟಿ ಆದ ಐಸ್ ಪ್ಯಾಕ್ ಎರಡು, ನಡುವ ಹಾಲಿನ ಬಾಟ್ಲಿ, ಸಂದಿ ತುಂಬ ಒಂದು ಟವೆಲ್. ಇದರಾಗ 24 ತಾಸು ಇರ್ತೈತಿ ಅಂತ ಪುಸ್ತಕದಾಗ ಐತಿ, ಗಂಗಾವತಿ-ಕೊಪ್ಪಳ ಬಸ್ಸಿನ ಕಿಟಕಿ ಪಕ್ಕ ಮೇ ತಿಂಗಳ ಮಧ್ಯಾಹ್ನ ಅದನ್ನ ನಂಬಬ್ಯಾಡ್ರಿ. ಚೀಲ ತೊಡಿ ಮ್ಯಾಲ ಇಟ್ಕೊಳ್ರಿ, ಎಂಜಿನ್ ಕಡೆ ಇಡಬ್ಯಾಡ್ರಿ, ಮನಿಗೆ ಬಂದು ಚಪ್ಪಲಿ ಬಿಟ್ಟ ಕೂಡ್ಲೆ ಮೊದಲ ಕೆಲಸ ಫ್ರಿಜ್. ಐಸ್ ಪ್ಯಾಕಿನಾಗ ಇನ್ನೂ ಗಟ್ಟಿ ತುಣುಕು ಇದ್ರ ಹಾಲು ಚಲೋ ಐತಿ.

ಕೂಸಿಗೆ ಕುಡಿಸೋ ಅವ್ವಂದಿರಿಗೆ, ಅತ್ತಿಯರಿಗೆ

ಇದನ್ನ ನೀವು ಓದಿ ಅವರಿಗೆ ಹೇಳ್ರಿ, ಬರದು ಫ್ರಿಜ್ ಮ್ಯಾಲ ಅಂಟಿಸಿದ್ರೂ ಆತು. ಹಾಲು ಅಂದ ಕೂಡ್ಲೆ ನಮ್ಮ ಹಿರೇರ ಕೈ ಗ್ಯಾಸ್ ಕಡೆ ಹೋಗ್ತೈತಿ, ಎದಿಹಾಲು ಕಾಯಿಸೋದಲ್ಲ. ಒಂದು ಗಂಗಾಳದಾಗ ಉಗುರು ಬೆಚ್ಚಗಿನ ನೀರು ಹಾಕಿ ಅದರಾಗ ಬಾಟ್ಲಿ ಐದ್ಹತ್ತು ನಿಮಿಷ ಇಟ್ರ ಸಾಕು. ಮೈಕ್ರೋವೇವ್ ಇದ್ದೋರೂ ಅದಕ್ಕ ಹೋಗಬಾರದು, ಒಂದು ಕಡೆ ತಂಪು ಇದ್ದು ಇನ್ನೊಂದು ಕಡೆ ಬಾಯಿ ಸುಡೋವಷ್ಟು ಬಿಸಿ ಆಗಿರ್ತೈತಿ. ಮಣಿಕಟ್ಟಿನ ಒಳಗ ಒಂದು ಹನಿ ಹಾಕ್ಕೊಂಡು ನೋಡಿ, ಬಿಸಿನೂ ತಂಪೂ ಗೊತ್ತಾಗ್ಲಿಲ್ಲಂದ್ರ ಸರಿ ಐತಿ. ಗಟ್ಟಿ ಆಗಿದ್ದನ್ನ ಹಿಂದಿನ ರಾತ್ರಿನ ಫ್ರೀಜರಿನಿಂದ ಕೆಳಗ ಫ್ರಿಜ್ಜಿಗೆ ಇಳಿಸಿಟ್ರ ಮುಂಜಾನಿಗೆ ಕರಗಿರ್ತೈತಿ, ಪೂರ್ತಿ ಕರಗಿದ ಮ್ಯಾಲ ಫ್ರಿಜ್ಜಿನಾಗ 24 ತಾಸು, ಹೊರಗ ತಗದ್ರ ಒಂದು ತಾಸು, ತಂಪು ದಿನ ಇದ್ರ ಎರಡು.

ಇಟ್ಟ ಹಾಲಿನ ಮ್ಯಾಲ ಕೆನಿ ಬ್ಯಾರೆ, ಕೆಳಗ ನೀರಿನಂಥಾದ್ದು ಬ್ಯಾರೆ ಆಗಿರ್ತೈತಿ. ಹಾಲು ಒಡದೈತಿ ಅಂತ ಚೆಲ್ಲಬ್ಯಾಡ್ರಿ, ಬಾಟ್ಲಿ ಹಗುರಕ ಗೋಲ್ ಆಡಿಸಿದ್ರ ಕೂಡ್ತೈತಿ. ಬಣ್ಣ ಸ್ವಲ್ಪ ನೀಲಿ, ಸ್ವಲ್ಪ ಹಳದಿ ಇರೋದೂ ಸಹಜ, ಸೊಪ್ಪು ಜಾಸ್ತಿ ತಿಂದ ದಿನ ಹಸಿರು ಛಾಯಾನೂ ಕಾಣಬಹುದು. ಸಾಬೂನಿನ ವಾಸನಿ ಬಂದ್ರ ಅದು ಹಾಲಿನಾಗ ಇರೋ ಲೈಪೇಸ್ ಅನ್ನೋ ಕಿಣ್ವ ಕೊಬ್ಬು ಒಡದಿದ್ದು, ಕೆಟ್ಟಿಲ್ಲ, ಕೂಸು ಕುಡದ್ರ ಕುಡಿಸ್ಬಹುದು. ಹುಳಿ ಕಂಪು ಬಂದ್ರ ಮಾತ್ರ ಚೆಲ್ರಿ.

ಬಾಟ್ಲಿ ನಿಪ್ಪಲಿಗಿಂತ ಒಳಲೆ, ಸಣ್ಣ ಲೋಟ, ಚಮಚ ಚಲೋ. ತೊಳಿಯಾಕ ಸಸಾರ, ಎದಿ ಬಿಟ್ಟು ಬಾಟ್ಲಿಗೆ ಹೊಂದಿಕೊಳ್ಳೋ ಚಟನೂ ಬರಂಗಿಲ್ಲ. ಕೂಸಿನ್ನ ಮಲಗಿಸಿ ಗಂಟಲಿಗೆ ಹೊಯ್ಯಬ್ಯಾಡ್ರಿ, ತೊಡಿ ಮ್ಯಾಲ ಅರ್ಧ ಕುಂದರಿಸಿ ತುಟಿಗೆ ತಾಗಿಸಿದ್ರ ತಾನ ನಾಲಿಗಿ ಚಾಚಿ ಕುಡೀತೈತಿ. ನಿಮ್ಮ ಕೈಲೆ ಕುಡಿಸಾಕ ಹೋದ್ರ ಕುಡಿಯಂಗಿಲ್ಲ, ಅವ್ವನ ವಾಸನಿ ಬರ್ತೈತಲ್ಲ, ಅಸಲಿ ಹಾಲು ಬೇಕು ಅಂತ ಹಟ ಮಾಡ್ತೈತಿ. ನೀವು ಹೊರಗ ಹೋಗ್ರಿ, ಅವರು ಕುಡಸ್ಲಿ. ಕೂಸು ಬಾಯಿ ಹಚ್ಚಿ ಉಳಿಸಿದ್ದನ್ನ 2 ತಾಸಿನ ಮ್ಯಾಲ ಇಡಬಾರದು, ಬ್ಯಾಸಗ್ಯಾಗ ಅಷ್ಟೂ ಬ್ಯಾಡ, ಫ್ರಿಜ್ಜಿಗೆ ವಾಪಸ್ ಅಂತೂ ಇಡಲೇಬಾರದು.

ತೊಳಿಯೋದು

ಹಾಲು ತಾಗಿದ ಪ್ರತಿ ಭಾಗ ಬಿಚ್ಚಿ, ಮೊದಲು ತಣ್ಣೀರಿನಾಗ, ಆಮ್ಯಾಲ ಸಾಬೂನು ಬಿಸಿನೀರಿನಾಗ, ಇದಕ್ಕಂತ ಇಟ್ಟ ಬ್ಯಾರೆ ಬುಟ್ಟ್ಯಾಗ, ಬ್ಯಾರೆ ಬ್ರಶ್ಶಿಲೆ. ಮುಸುರಿ ತಿಕ್ಕೋ ನಾರಿಲೆ ಬ್ಯಾಡ. ದಿನಕ್ಕೊಮ್ಮೆ 5 ನಿಮಿಷ ಕುದಿಸ್ರಿ, ಎರಡು ತಿಂಗಳ ಒಳಗಿನ ಕೂಸಿಗೆ, ದಿನ ತುಂಬದ ಹುಟ್ಟಿದ ಕೂಸಿಗೆ ಇದು ತಪ್ಪಬಾರದು. ನಮ್ಮ ಬೋರಿನ ನೀರಿನಾಗ ಕುದಿಸಿದ್ರ ಬಿಳೇ ಪುಡಿ ಕುಂದರ್ತೈತಿ, ರಬ್ಬರಿನ ಆ ಸಣ್ಣ ಕವಾಟ ಬಿರುಸಾಗಿ ಎಳತ ಹೋಗಿಬಿಡ್ತೈತಿ, ಅದಕ್ಕ ಕುದಿಸಾಕ ಶುದ್ಧ ನೀರಿನ ಘಟಕದ ಕ್ಯಾನಿನ ನೀರು ಬಳಸ್ರಿ. ಪಂಪಿನ ಎಳತ ಕಡಿಮಿ ಆತು ಅಂದ್ರ ಮೋಟರ್ ಕೆಟ್ಟಿತು ಅನ್ನೋಕಿಂತ ಮೊದಲು ಆ ಕವಾಟ ಬದ್ಲಿಸಿ ನೋಡ್ರಿ. ಸೀರಿ ಸೆರಗಿಲೆ ಒರಸಬ್ಯಾಡ್ರಿ, ಸ್ವಚ್ಛ ಬಟ್ಟಿ ಮ್ಯಾಲ ಬೋರಲು ಹಾಕಿ ಗಾಳಿಗೆ ಆರಲಿ.

ಎದಿ ಬಿಗದ್ರ, ಜ್ವರ ಬಂದ್ರ, ಹಾಲು ಕಡಿಮಿ ಅನಿಸಿದ್ರ

ಬಾಣಂತಿ ನೀರು ಕುಡದ್ರ ಹೊಟ್ಟಿ ಬರ್ತೈತಿ, ಕೂಸಿಗೆ ಶೀತ ಆಗ್ತೈತಿ ಅಂತ ನಮ್ಮ ಕಡೆ ನೀರಿಗೆ ಕಟ್ಟು ಹಾಕ್ತಾರ, ಅದೂ ಈ ಬಿಸಲಾಗ! ಬಾಯಾರಿದಾಗ ಕುಡೀರಿ, ಹಿಂಡಾಕ ಕುಂದರುವಾಗ ಒಂದು ತಂಬಿಗಿ ಪಕ್ಕದಾಗ ಇರ್ಲಿ. ಬಲವಂತಕ್ಕ ಕೊಡ ಕೊಡ ಕುಡದ್ರ ಹಾಲು ಹೆಚ್ಚಾಗಂಗಿಲ್ಲ, ಅದೂ ಗೊತ್ತಿರ್ಲಿ. ಅಳ್ವಿ ಪಾಯಸ, ಸಬ್ಬಸಗಿ ಪಲ್ಯ, ಬೆಳ್ಳುಳ್ಳಿ, ಅಂಟಿನ ಉಂಡಿ ಕೊಟ್ರ ತಿನ್ರಿ, ಮೈಗೆ ಚಲೋ, ಆದ್ರ ಹಾಲು ಹೆಚ್ಚಾಗೋದು ಎದಿ ಖಾಲಿ ಮಾಡಿದ್ರ. ಪಂಪಿನಾಗ ಕಂಡಷ್ಟ ನಿಮ್ಮ ಹಾಲು ಅಂತ ತಿಳಕೋಬ್ಯಾಡ್ರಿ, ಕೂಸು ಎಳಕೊಳ್ಳೋವಷ್ಟು ಯಾವ ಮಷೀನೂ ಎಳಿಯಂಗಿಲ್ಲ. ಕೂಸು ದಿನಕ್ಕ 6 ಸಲದ ಮ್ಯಾಲ ಉಚ್ಚಿ ಹೊಯ್ತೈತಿ, ಅಂಗನವಾಡ್ಯಾಗ ತೂಕ ಹಾಕಿದ್ರ ಏರ್ತೈತಿ ಅಂದ್ರ ಹಾಲು ಸಾಕಾಗೈತಿ.

ಎದಿ ಒಂದು ಕಡೆ ಗಂಟು ಕಟ್ಟಿ ನೋವು ಬಂದ್ರ ಕೂಸಿಗೆ ಕುಡಿಸೋದು ನಿಲ್ಲಸಬ್ಯಾಡ್ರಿ, ಹಂಗಂತ ಗಂಟು ಒಡೀಬೇಕು ಅಂತ ಮ್ಯಾಲಿಂದ ಮ್ಯಾಲ ಹಿಂಡಬ್ಯಾಡ್ರಿ, ಜೋರು ತಿಕ್ಕಬ್ಯಾಡ್ರಿ. ಮೊದಲು ಬಿಸಿ ಕಾವು ಕೊಡ್ರಿ ಅಂತಿದ್ರು, ಈಗ ಡಾಕ್ಟರ್ಸ್ ತಂಪು ಬಟ್ಟಿ ಇಡ್ರಿ ಅಂತಾರ, ಬಾವು ಇಳೀತೈತಿ. ಕೆಂಪಗ ಆಗಿ, ಜ್ವರ ಚಳಿ ಬಂದು, ಒಂದು ದಿನದಾಗ ಇಳೀಲಿಲ್ಲಂದ್ರ ಡಾಕ್ಟರ್ ಹತ್ರ ಹೋಗಲೇಬೇಕು, ಕೀವು ಆದ್ರ ಕುಯ್ಯಬೇಕಾಗ್ತೈತಿ. ಬ್ಯಾರೆ ಯಾವುದಕ್ಕರ ಗುಳಿಗಿ ಬರಿಸಿದ್ರೂ ಎದಿಹಾಲು ಕುಡಿಸ್ತೀನಿ ಅಂತ ಮೊದಲ ಹೇಳ್ರಿ.

ಹಾಲು ಜಾಸ್ತಿ ಆಗಿ ಪಕ್ಕದ ಮನಿ ಕೂಸಿಗೆ ಕೊಡ್ಲಾ ಅಂತ ಕೇಳೋರೂ ಇರ್ತಾರ. ಹಸಿ ಹಾಲು ಹಂಗ ಕೊಡೋದು ಬ್ಯಾಡ, ರೋಗ ದಾಟ್ತೈತಿ. ಹಾಲಿನ ಬ್ಯಾಂಕಿನಾಗ ದಾನಿ ರಕ್ತ ಪರೀಕ್ಷಾ ಮಾಡಿ, ಹಾಲನ್ನ 62.5 ಡಿಗ್ರಿಯಾಗ 30 ನಿಮಿಷ ಇಟ್ಟು ಆಮ್ಯಾಲ ಕೊಡ್ತಾರ, ಏಷ್ಯಾದಾಗ ಮೊದಲನೇದು 1989ರಾಗ ಮುಂಬೈ ಸಾಯನ್ ಆಸ್ಪತ್ರ್ಯಾಗ ಶುರು ಆತು, ಬೆಂಗಳೂರಿನಾಗೂ ಅದಾವು.

ಕೆಲಸದ ಜಾಗದಾಗ

ಹೋಗೋ ಮೊದಲನ ಹೆಡ್ ಮಾಸ್ತರಿಗೋ ಮ್ಯಾನೇಜರಿಗೋ ಹೇಳಿಬಿಡ್ರಿ, ಗಂಡಸರಿದ್ದು ನಾಚಿಗಿ ಆದ್ರ ಒಂದು ಚೀಟಿ ಬರದು ಕೊಡ್ರಿ. ಕಾಯ್ದೆ ನಿಮ್ಮ ಕಡೆ ಐತಿ. 1961ರ ಹೆರಿಗೆ ಸೌಲಭ್ಯ ಕಾಯ್ದೆದಾಗ ಕೂಸಿಗೆ 15 ತಿಂಗಳು ಆಗೋ ತನಕ ಊಟದ ಬಿಡುವಿನ ಜೋಡಿ ದಿನಕ್ಕ ಇನ್ನೆರಡು ಬಿಡುವು ಹಾಲುಣಿಸಾಕ ಇತ್ತು, 2017ರ ತಿದ್ದುಪಡಿಯಾಗ ಮೊದಲ ಎರಡು ಮಕ್ಕಳಿಗೆ 26 ವಾರ ರಜಾ ಆತು, 50 ಮಂದಿ ಇಲ್ಲಾ ಅದಕ್ಕೂ ಮ್ಯಾಲ ಇರೋ ಕಡೆ ಕೂಸಿನ ಮನಿ ಇರ್ಬೇಕು, ದಿನಕ್ಕ 4 ಸಲ ಹೋಗಿ ಬರಾಕ ಬಿಡ್ಬೇಕು ಅಂತ ಬಂತು. 2025ರ ನವೆಂಬರದಾಗ ಅದರ ಜಾಗಕ್ಕ ಬಂದ ಸಾಮಾಜಿಕ ಭದ್ರತಾ ಸಂಹಿತೆಯಾಗೂ ಇವು ಅದಾವು. ಬಳ್ಳಾರಿ ಜೀನ್ಸ್ ಹೊಲಿಯೋ ಸಣ್ಣ ಯೂನಿಟ್ಟಿನಾಗ, ನಾಟಿ ಹಚ್ಚೋ ಗದ್ದ್ಯಾಗ ಈ ಕಾಯ್ದೆ ಹೇಳಿದ್ರ ನಗ್ತಾರ, ಗೊತ್ತೈತಿ. ಅಲ್ಲಿ ಕೂಸಿನ್ನ ಮಧ್ಯಾಹ್ನ ಯಾರರ ತಂದು ಒಮ್ಮೆ ಎದಿಗೆ ಕೊಡಂಗ ಮಾಡ್ಕೊಳ್ಳೋದ ಉತ್ತಮ, ಅದಾಗಲಿಲ್ಲಂದ್ರ ಎದಿ ಬಿಗಿದಾಗ ಕೈಲೆ ಹಿಂಡಿ ಚೆಲ್ಲಿದ್ರೂ ಸೈ, ಹಾಲು ಬತ್ತಂಗಿಲ್ಲ, ಸಂಜಿಗೆ ಕೂಸಿಗೆ ಸಿಗ್ತೈತಿ.

ಹಿಂಡಾಕ ಸಂಡಾಸಿನಾಗ ಕುಂದರಬ್ಯಾಡ್ರಿ. ಸ್ಟೋರ್ ರೂಮ್, ಲ್ಯಾಬ್, ಯಾವುದಾದ್ರೂ ಚಿಲಕ ಇರೋ ಕೋಣಿ, ಒಂದು ಕುರ್ಚಿ, ಮುಂದ ಹಾಕ್ಕೊಳ್ಳಾಕ ಒಂದು ದುಪಟ್ಟಾ. ಕೂಸು ಮನ್ಯಾಗ ಇದ್ದಿದ್ರ ಎಷ್ಟು ತಾಸಿಗೊಮ್ಮೆ ಕುಡಿತಿತ್ತೋ ಅಷ್ಟಕ್ಕೊಮ್ಮೆ, ಅಂದ್ರ 3 ತಾಸಿಗೊಂದು ಸಲ ಹಿಂಡಿದ್ರ ಹಾಲು ನಿಲ್ಲಂಗಿಲ್ಲ. ವರ್ಷ ತುಂಬಿ ಊಟ ಚಲೋ ಮಾಡಾಕ ಹತ್ತಿದ ಮ್ಯಾಲ ಡ್ಯೂಟ್ಯಾಗ ಹಿಂಡೋದು ಬಿಡಬಹುದು, ಒಮ್ಮಿಂದೊಮ್ಮೆಲೆ ಬಿಟ್ರ ಎದಿ ಬಿಗದು ಮತ್ತ ಜ್ವರ. ಮೊದಲು ಮಧ್ಯಾಹ್ನದ್ದೊಂದು ಬಿಟ್ಟು ನಾಕೈದು ದಿನ ನೋಡ್ರಿ, ಎದಿ ಹಗುರ ಅನಿಸಿದ್ರ ಇನ್ನೊಂದು ಬಿಡ್ರಿ. ರಾತ್ರಿ, ಮುಂಜಾನಿ ಎದಿಗೆ ಕೊಡೋದು ಎರಡು ವರ್ಷದ ತನಕ, ಅದಕ್ಕೂ ಮ್ಯಾಲ ನಡೀಲಿ, ಅದಕ್ಕ ಪಂಪೂ ಬ್ಯಾಡ ಫ್ರಿಜ್ಜೂ ಬ್ಯಾಡ.